ಚಾರ್ಜರ್ ಇಲ್ಲದ ತಕ್ಕಡಿ

ಗುತ್ತಿಗಾರಿನ ಕುಕ್ಕಪ್ಪಣ್ಣ ಬಡವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದಿನ ಸಂಗತಿ ಕೇಳಿದವರು ‘ಪಾಪ, ಕೈಯಲ್ಲಿ ದುಡ್ಡಿರಲಿಲ್ಲವೋ ಏನೋ’ ಎಂದು ಮರುಗಿಬಿಟ್ಟಾರು. ದುಡ್ಡಿತ್ತು. ಕಾಳುಮೆಣಸಿತ್ತು, ಐನೂರು ರಬ್ಬರ್ ಮರಗಳಿದ್ದವು, ನೆಟ್ಟಣದಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಮಗ ಹರಿಪ್ರಸಾದನಿಗೆ ಸರಕಾರಿ ಸಂಬಳವಿತ್ತು. ಆದರೆ ಕುಕ್ಕಪ್ಪಣ್ಣನ ಹೆಮ್ಮೆ ಇದ್ದುದು ಬಂದ ದುಡ್ಡಿನಲ್ಲಲ್ಲ, ಹೋಗದೆ ಉಳಿದ ದುಡ್ಡಿನಲ್ಲಿ.

“ಯಾವ ವಸ್ತುವಿಗೂ ಎರಡು ಕ್ರಯ ಉಂಟು ಮಾರಾಯ್ರೆ. ಅಂಗಡಿಯವ ಹೇಳುದು ಒಂದು, ಕುಕ್ಕಪ್ಪ ಕೊಡುದು ಒಂದು” ಎಂದು ಹಾಲಿನ ಸೊಸೈಟಿಯ ಜಗಲಿಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಅವರ ವಿದ್ಯೆ ದೊಡ್ಡದೇನಲ್ಲ. ವಸ್ತುವನ್ನು ಕೈಗೆತ್ತಿಕೊಂಡು ಅದಕ್ಕೊಂದು ದೋಷ ಹೇಳುವುದು. ಹೊಸ ಕೊಡೆಯ ಕಡ್ಡಿ ಸಡಿಲ, ಆಗಷ್ಟೇ ಬಂದ ಬಂಗುಡೆಯ ಕಣ್ಣು ಮಸುಕು, ಉಕ್ಕಿನ ಕೊಡಪಾನದ ತಳ ಓರೆ. ಆ ದೋಷವನ್ನು ಅಂಗಡಿಯವನೂ ನಂಬುತ್ತಿರಲಿಲ್ಲ, ಹೇಳಿದವರೂ ನಂಬುತ್ತಿರಲಿಲ್ಲ. ಆದರೂ ಹತ್ತು ರೂಪಾಯಿ ಇಳಿಯುತ್ತಿತ್ತು. ನಲವತ್ತು ವರ್ಷ ಹೀಗೆ ನಡೆದ ಮೇಲೆ, ದೋಷ ಎಂಬುದು ವಸ್ತುವಿನಲ್ಲಿ ಇರುವಂಥದ್ದಲ್ಲ, ಬಾಯಲ್ಲಿ ಇರುವಂಥದ್ದು ಎಂಬ ಜ್ಞಾನ ಅವರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಸೊಸೆ ಭವಿತಾ ಬಸುರಿಯಾದದ್ದೇ ಈ ವಿದ್ಯೆಗೆ ಹೊಸ ಮೈದಾನ ಸಿಕ್ಕಿದಂತಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂಬುದು ಕ್ರಮ. ಆದರೆ ಭವಿತಾಳ ತಾಯಿ ತೀರಿಹೋಗಿದ್ದರು. ಕಡಬದಲ್ಲಿದ್ದ ಅಣ್ಣನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹಾಗಾಗಿ ಎಲ್ಲ ಇಲ್ಲೇ ಎಂದಾಯಿತು.

“ಪೇಟೆಯವರು ಮಗುವಿನ ಹೆಸರಲ್ಲಿ ಸುಲಿಯುದು. ಅಂಗೈಯಗಲದ ಚಡ್ಡಿಗೆ ನನ್ನ ಪಂಚೆಯಷ್ಟು ಕ್ರಯ!” ಎಂದ ಕುಕ್ಕಪ್ಪಣ್ಣ ತಮ್ಮ ಹಳೆಯ ಪಂಚೆಗಳನ್ನೆಲ್ಲ ಕುದಿಸಿ ಒಣಗಿಸಿ, ಹೆಂಡತಿ ಕುಮುದಿನಿಯಿಂದ ಚೌಕ ಚೌಕವಾಗಿ ಕತ್ತರಿಸಿ ಇಡಿಸಿದರು. ಸಾಸಿವೆ ತುಂಬಿದ ತಲೆದಿಂಬು ಆಯಿತು. ಸೋಪಿನ ಬದಲು ಹೆಸರು ಹಿಟ್ಟು ಬೀಸಿ ಡಬ್ಬಿಗೆ ಹಾಕಿದ್ದಾಯಿತು. ಮುರಿದ ಕೊಡೆಯೊಂದಕ್ಕೆ ಬಲೆ ಹೊಲಿದು ಸೊಳ್ಳೆಪರದೆ. ಇವೆಲ್ಲ ಒಳ್ಳೆಯವೇ, ನಾಲ್ಕು ಜನ ಮೆಚ್ಚಿಯೂ ಮೆಚ್ಚಿದರು. ಮೆಚ್ಚಿದ್ದೇ ತಪ್ಪಾಯಿತೋ ಏನೋ.

ಅಂಗಿಗಳನ್ನು ಮಾತ್ರ ಪುತ್ತೂರಿನಿಂದ ತಂದರು. ಅಲ್ಲಿನ ಆಸ್ಪತ್ರೆಯ ಹತ್ತಿರ ಜಾಸಿರ್ ಎಂಬವನ ಬಟ್ಟೆ ಅಂಗಡಿ. ನಾಲ್ಕು ಸಣ್ಣ ಅಂಗಿಗೆ ಒಂದು ಗಂಟೆ ಹತ್ತು ನಿಮಿಷ ಚೌಕಾಸಿ ನಡೆಯಿತು. ಒಂದರ ಹೊಲಿಗೆ ವಕ್ರ, ಒಂದರ ಬಣ್ಣ ಬಿಡುವಂಥದ್ದು, ಒಂದಕ್ಕೆ ಗುಂಡಿಯೇ ಸರಿ ಇಲ್ಲ. ಕೊನೆಗೆ ಜಾಸಿರ್ ಕೈಮುಗಿದ: “ಕುಕ್ಕಪ್ಪಣ್ಣ, ಇನ್ನೊಮ್ಮೆ ಬರುದಾದ್ರೆ ಮೊದಲೇ ಒಂದು ಫೋನ್ ಮಾಡಿ. ನಾನು ಊಟ ಮುಗಿಸಿ ಕೂತ್ಕೊಳ್ತೇನೆ.” ಕುಕ್ಕಪ್ಪಣ್ಣ ಆ ಮಾತನ್ನು ಪದಕದಂತೆ ಊರಿಗೆ ತಂದು ಸೊಸೈಟಿಯಲ್ಲಿ ಎಲ್ಲರಿಗೂ ತೋರಿಸಿದರು.

ಮಗು ಮಾತ್ರ ಇವರ ಲೆಕ್ಕಕ್ಕೆ ಕಾಯಲಿಲ್ಲ. ಎಂಟನೇ ತಿಂಗಳಲ್ಲೇ ಪುತ್ತೂರಿನ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಒಂದು ಕಿಲೋ ಎಂಟುನೂರು. ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಒಂದು ಕಿಲೋ ಒಂಬೈನೂರು ದಾಟಿದ ಮೇಲೆ ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಮೂರೇ ಮಾತು. ತಾಯಿಯ ಹಾಲು ಸಾಲುವುದಿಲ್ಲ, ಅದರ ಜೊತೆ ಈ ಡಬ್ಬಿಯ ಹಾಲಿನ ಹುಡಿಯನ್ನು ಬರೆದುಕೊಟ್ಟ ಅಳತೆಯಲ್ಲೇ ಕಲಸಿ ಎರಡೆರಡು ಗಂಟೆಗೆ ಒಳಲೆಯಲ್ಲಿ ಕುಡಿಸಬೇಕು. ವಾರಕ್ಕೊಮ್ಮೆ ಕರೆತಂದು ತೂಕ ನೋಡಿಸಬೇಕು. ಎರಡೂವರೆ ಕಿಲೋ ಆಗುವವರೆಗೆ ಧೈರ್ಯ ಹೇಳಲಾಗದು.

ಭವಿತಾಳಿಗೆ ಆ ದಿನದಿಂದ ಎರಡೂವರೆ ಕಿಲೋ ಎಂಬುದೊಂದೇ ಧ್ಯಾನ. ‘ಯಶಸ್ವಿ’ ಎಂಬ ಹೆಸರನ್ನು ಅವಳು ಆರಿಸಿಟ್ಟಿದ್ದಳು. ಕುಕ್ಕಪ್ಪಣ್ಣ ಅದಕ್ಕೊಂದು ಷರತ್ತು ಹಾಕಿದರು: “ಎರಡೂವರೆ ಆದ ದಿನವೇ ಹೆಸರಿಡುದು. ಪುಳ್ಳಿ ಗುಂಡಗಾದ ಮೇಲೆ ನಾಲ್ಕು ಜನ ನೋಡ್ಲಿ.” ಮೊಮ್ಮಗಳ ಮೇಲೆ ಪ್ರೀತಿ ಇಲ್ಲದೆ ಹೇಳಿದ ಮಾತಲ್ಲ ಅದು. ಮಗುವಿನ ಮುಷ್ಟಿಯೊಳಗೆ ತಮ್ಮ ಕಿರುಬೆರಳು ತೂರಿಸಿ ಅರ್ಧ ಗಂಟೆ ಅಲುಗಾಡದೆ ಕೂರುತ್ತಿದ್ದ ಮನುಷ್ಯ ಅವರು.

ಮೊದಲ ವಾರ ಜೀಪು ಮಾಡಿಕೊಂಡು ಪುತ್ತೂರಿಗೆ ಹೋದರು. ನರ್ಸ್ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದಳು, ಚೀಟಿಯಲ್ಲಿ ಬರೆದಳು, ಎತ್ತಿಕೊಟ್ಟಳು. ಒಂದು ನಿಮಿಷವೂ ಆಗಲಿಲ್ಲ. ಹೋಗುತ್ತ ಒಂದೂವರೆ ಗಂಟೆ, ಬರುತ್ತ ಒಂದೂವರೆ ಗಂಟೆ, ಜೀಪಿನ ಬಾಡಿಗೆ ಬೇರೆ. ಕುಕ್ಕಪ್ಪಣ್ಣನಿಗೆ ಆ ಒಂದು ನಿಮಿಷ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

“ತೂಗುದಕ್ಕೆ ಡಾಕ್ಟ್ರು ಎಂತಕ್ಕೆ? ನಾನು ಜೀವಮಾನವಿಡೀ ತೂಗಿದವ” ಎಂದರು.

ಅದೂ ಸುಳ್ಳಲ್ಲ. ಕಾಳುಮೆಣಸು ಮಾರುವಾಗ ಯಾವ ವ್ಯಾಪಾರಿಯ ತಕ್ಕಡಿಯನ್ನೂ ಅವರು ನಂಬಿದವರಲ್ಲ. ಒಮ್ಮೆ ತೂಗಿ, ಕೆಳಗಿಳಿಸಿ, ಇನ್ನೊಮ್ಮೆ ತೂಗಿಸಿ, ತಟ್ಟೆಯಡಿ ಬಗ್ಗಿ ನೋಡಿಯೇ ದುಡ್ಡು ಎಣಿಸುವವರು.

ಮರುದಿನ ಮೂಸಕುಂಞಿಯ ಗುಜರಿ ಅಂಗಡಿಯಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು. ಮುಚ್ಚಿಹೋದ ಯಾವುದೋ ಕೋಳಿ ಅಂಗಡಿಯ ಕರೆಂಟಿನ ತಕ್ಕಡಿ. ಅಗಲವಾದ ಸ್ಟೀಲಿನ ತಟ್ಟೆ, ಕೆಂಪು ಅಂಕಿ, ಬ್ಯಾಟರಿಯಲ್ಲೂ ನಡೆಯುವಂಥದ್ದು. ಮೂಸಕುಂಞಿ ತಲೆಯಾಡಿಸಿದ.

“ಅದು ಬೇಡ ಕುಕ್ಕಪ್ಪಣ್ಣ. ಬಿಚ್ಚಿ ಕಬ್ಬಿಣಕ್ಕೆ ಹಾಕ್ಲಿಕ್ಕೆ ಇಟ್ಟದ್ದು. ಅದರ ಬ್ಯಾಟರಿ ಸರಿ ಇಲ್ಲ. ಚಾರ್ಜ್ ಇಳಿದ ಹಾಗೆ ತೂಕ ಜಾಸ್ತಿ ತೋರಿಸ್ತದೆ.”

“ದೋಷ ಉಂಟಂತ ನೀನೇ ಹೇಳ್ತಿ. ಹಾಗಾದ್ರೆ ಇನ್ನೂರು ಸಾಕಲ್ವಾ?”

“ಕ್ರಯದ ಮಾತಲ್ಲ ಅಣ್ಣ. ಎಂತ ತೂಗ್ಲಿಕ್ಕೆ ನಿಮಗೆ?”

“ಮನೆಯಲ್ಲಿ ಸಾವಿರ ಉಂಟು ತೂಗ್ಲಿಕ್ಕೆ. ಚಾರ್ಜರ್ ಎಲ್ಲಿ?”

“ಚಾರ್ಜರ್ ಇದರೊಟ್ಟಿಗೆ ಬಂದಿಲ್ಲ. ಬೇಕಾದ್ರೆ ಸುಳ್ಯದಿಂದ ತರಿಸಿ ಕೊಡ್ತೇನೆ, ನೂರೈವತ್ತು ಆದೀತು. ಯಾವಾಗಲೂ ಚಾರ್ಜಿಗೆ ಹಾಕಿಯೇ ತೂಗುದಾದ್ರೆ ಸರಿ ತೋರಿಸ್ತದೆ.”

ಕುಕ್ಕಪ್ಪಣ್ಣ ನಕ್ಕರು. ನಲವತ್ತು ವರ್ಷ ತಾವೇ ನುಡಿಸಿದ ವಾದ್ಯವನ್ನು ಇನ್ನೊಬ್ಬ ನುಡಿಸುವಾಗ ಗೊತ್ತಾಗದೆ ಹೋಗುತ್ತದೆಯೇ? ಮೊದಲು ದೋಷ ಹೇಳುವುದು, ಆಮೇಲೆ ನೂರೈವತ್ತರ ಚಾರ್ಜರ್ ದಾಟಿಸುವುದು. ಇನ್ನೂರಕ್ಕೆ ತಕ್ಕಡಿ ಮಾತ್ರ ಹೆಗಲಿಗೇರಿಸಿಕೊಂಡು ಮನೆಗೆ ಬಂದರು.

ಬಂದವರು ಪರೀಕ್ಷೆ ಮಾಡದೆ ಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಕಿಲೋ ಸಕ್ಕರೆಯ ಒಡೆಯದ ಪ್ಯಾಕೆಟನ್ನು ತಟ್ಟೆಯಲ್ಲಿಟ್ಟರು. ಒಂದು ಕಿಲೋ ಐದು ಗ್ರಾಂ.

“ನೋಡು! ಐದು ಗ್ರಾಂ ಪ್ಲಾಸ್ಟಿಕ್ಕಿನದ್ದು. ದೋಷ ಅಂತೆ ದೋಷ!”

“ಮಾವ, ತಕ್ಕಡಿ ಸರಿ ಉಂಟಲ್ಲ?” ಎಂದು ಭವಿತಾ ಕೇಳಿದಳು. ಮಗುವನ್ನು ಎದೆಗವಚಿಕೊಂಡೇ ಇದ್ದಳು.

“ಕಣ್ಣೆದುರೇ ನೋಡಿದಿಯಲ್ಲ ಮಗಾ.”

ಮೂಸಕುಂಞಿ ಹೇಳಿದ್ದನ್ನು ಅವರು ಅವಳಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಹೇಳುವಂಥ ಮಾತು ಎಂದೇ ಅವರಿಗೆ ಅನ್ನಿಸಲಿಲ್ಲ. ಮಗುವನ್ನು ಮಲಗಿಸಿದರು. ಒಂದು ಕಿಲೋ ಒಂಬೈನೂರ ಎಂಬತ್ತು. ಅದು ನಿಜವಾದ ತೂಕವೇ ಆಗಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಕೆಂಪು ಪೆನ್ನಿನಿಂದ ಬರೆದರು. ತಕ್ಕಡಿಗೆ ಮೈ ಒರೆಸುವ ಒಂದು ಬೈರಾಸು ಹೊದಿಸಿ ಕಪಾಟಿನ ಮೇಲಿಟ್ಟರು. ಒಮ್ಮೆ ಪಾಸಾದವನನ್ನು ಪುನಃ ಪುನಃ ಪರೀಕ್ಷೆಗೆ ಕೂರಿಸುವ ಕ್ರಮ ಎಲ್ಲಿಯೂ ಇಲ್ಲವಾದ್ದರಿಂದ, ಸಕ್ಕರೆ ಪ್ಯಾಕೆಟು ಚಹಾಕ್ಕೆ ಹೋಯಿತು.

ಮುಂದಿನ ಭಾನುವಾರ ಎರಡು ಕಿಲೋ ನೂರಿಪ್ಪತ್ತು. ಹರಿಪ್ರಸಾದ ವಾರದ ರಜೆಗೆ ಬಂದಿದ್ದ, ಅವನೂ ಕಣ್ಣಾರೆ ನೋಡಿದ. ಮನೆಯಲ್ಲಿ ಪಾಯಸವಾಯಿತು. ಕುಕ್ಕಪ್ಪಣ್ಣ ಹಾಲಿನ ಹುಡಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಆಚೀಚೆ ತಿರುಗಿಸಿದರು. ಮುಷ್ಟಿಗಾತ್ರದ ಡಬ್ಬಿ, ನಾಲ್ಕು ದಿನಕ್ಕೆ ಖಾಲಿ. ಅದರಲ್ಲಿ ಬರೆದ ಕ್ರಯಕ್ಕೆ ಯಾವ ಅಂಗಡಿಯವನೂ ಐದು ರೂಪಾಯಿ ಇಳಿಸುವುದಿಲ್ಲ. ದೋಷ ಹೇಳಿದರೆ ಮದ್ದಿನಂಗಡಿಯವ ಮುಖ ಸಹ ಎತ್ತುವುದಿಲ್ಲ.

“ಇಷ್ಟು ಬೇಗ ಏರಿದರೆ ಮಗುವಿಗೆ ಒಳ್ಳೆಯದಲ್ಲ. ಹುಡಿ ಅರ್ಧ ಹಾಕು, ಉಳಿದದ್ದಕ್ಕೆ ಗಂಜಿ ತಿಳಿ ಸೇರಿಸು” ಎಂದರು ಕುಮುದಿನಿಗೆ.

“ಡಾಕ್ಟ್ರು ಬರೆದು ಕೊಟ್ಟದ್ದಲ್ವಾ? ನಾವು ಹಾಗೆಲ್ಲ...”

“ಹರಿಪ್ರಸಾದನನ್ನು ಯಾವ ಡಬ್ಬಿಯಲ್ಲಿ ಸಾಕಿದ್ದು ಮಾರಾಯ್ತಿ? ಗಂಜಿ ತಿಳಿ ಕುಡಿದವ ಇವತ್ತು ರೈಲಿನ ಹಳಿ ಎತ್ತುದಿಲ್ವಾ?”

ಹರಿಪ್ರಸಾದ ಹುಟ್ಟುವಾಗಲೇ ಮೂರೂವರೆ ಕಿಲೋ ಇದ್ದ, ಗಂಜಿ ತಿಳಿ ಕುಡಿದದ್ದು ಆರು ತಿಂಗಳಾದ ಮೇಲೆ. ಕುಮುದಿನಿಗೆ ಅದು ನೆನಪಿತ್ತು. ಆದರೆ ಗೋಡೆಯ ಮೇಲೆ ಕೆಂಪು ಅಂಕಿ ಇತ್ತು. ಅಂಕಿಯ ಎದುರು ನೆನಪು ಎಷ್ಟು ಹೊತ್ತು ನಿಂತೀತು?

ಆ ತಿಂಗಳು ಆನೆಗಳು ಬೇರೆ ಕೆಳಗಿಳಿದಿದ್ದವು. ಕಾಡಿನಂಚಿನ ಇವರ ಮನೆಗೆ ಬರುವ ತಿರುವಿನಲ್ಲೇ ಮೂರು ಆನೆಗಳ ಬಿಡಾರ. ಜನ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟರು. ಮಗು ನೋಡಲು ಬರಬೇಕಿದ್ದ ಆಶಾ ಕಾರ್ಯಕರ್ತೆ ಮುನೀರಾ ಫೋನಿನಲ್ಲಿ ವಿಚಾರಿಸಿದಳು.

“ಎರಡು ಕಿಲೋ ಇನ್ನೂರ ಅರವತ್ತು” ಎಂದರು ಕುಕ್ಕಪ್ಪಣ್ಣ. “ನಮ್ಮಲ್ಲಿ ಡಿಜಿಟಲ್ ಉಂಟು.”

“ಒಳ್ಳೆದಾಯ್ತು ಕುಕ್ಕಪ್ಪಣ್ಣ. ಆದ್ರೂ ದಾರಿ ಸರಿಯಾದ ಕೂಡಲೇ ನಾನೊಮ್ಮೆ ಬಂದು ನೋಡ್ತೇನೆ.”

“ನಿನ್ನ ಆ ಮೀನು ತೂಗುವ ಕೊಕ್ಕೆ ಹಿಡ್ಕೊಂಡಾ?”

ಮುನೀರಾ ನಕ್ಕಳು. “ಅದೇ. ಸರಕಾರ ನಮಗೆ ಕೊಟ್ಟದ್ದು ಅದೊಂದೇ.”

ಕಪಾಟಿನ ಮೇಲೆ ಬೈರಾಸಿನ ಕೆಳಗೆ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತಿತ್ತು. ಕ್ಯಾಲೆಂಡರಿನಲ್ಲಿ ಮಗು ಏರುತ್ತಿತ್ತು.

ಒಂದು ಸಂಜೆ ಭವಿತಾ ಹೇಳಿದಳು: “ಅತ್ತೆ, ಇವಳ ಕಾಲು ಸಪೂರ ಆದ ಹಾಗೆ ಕಾಣ್ತದೆ ನಂಗೆ. ತೊಡೆಯಲ್ಲಿ ಚರ್ಮ ಮಡಿಕೆ ಬಿದ್ದಿದೆ. ಅಳುದು ಸಹ ಕಮ್ಮಿ ಆಗಿದೆ.”

“ಹೊಟ್ಟೆ ತುಂಬಿದ ಮಗು ಅಳುದು ಯಾಕೆ?” ಜಗಲಿಯಿಂದಲೇ ಕುಕ್ಕಪ್ಪಣ್ಣ ಉತ್ತರಿಸಿದರು. “ಹತ್ತು ಸಲ ನೋಡಿದರೆ ನಿನಗೆ ಹಾಗೆಲ್ಲ ಕಾಣ್ತದೆ. ಕಣ್ಣನ್ನು ನಂಬಬೇಡ ಮಗಾ. ತೂಕ ನೋಡು.”

ಭವಿತಾ ತೂಕ ನೋಡಿದಳು. ಕಣ್ಣನ್ನು ನಂಬುವುದು ಬಿಟ್ಟಳು. ತಾಯಿ ಬದುಕಿದ್ದರೆ ಇಷ್ಟು ಬೇಗ ಬಿಡುತ್ತಿರಲಿಲ್ಲವೇನೋ; ಕಣ್ಣನ್ನು ನಂಬು ಎನ್ನುವವರು ಒಬ್ಬರಾದರೂ ಇರುತ್ತಿದ್ದರು.

ನಾಲ್ಕನೇ ಭಾನುವಾರ ಎರಡು ಕಿಲೋ ನಾನೂರ ಹತ್ತು. ಇನ್ನು ತೊಂಬತ್ತೇ ಗ್ರಾಂ. ಕುಕ್ಕಪ್ಪಣ್ಣ ಮುಂದಿನ ವಾರಕ್ಕೆ ಹೆಸರಿಡುವ ದಿನ ಗುರುತು ಮಾಡಿದರು. ಊಟಕ್ಕೆ ಎಷ್ಟು ಜನ, ಬಾಳೆ ಎಲೆ ಎಲ್ಲಿಂದ ಪುಕ್ಕಟೆ ಎಂಬುದೂ ನಿಶ್ಚಯವಾಯಿತು. ಅದೇ ಹೊತ್ತಿಗೆ, ಆನೆಗಳು ಬೆಳಿಗ್ಗೆಯಷ್ಟೇ ಗುಡ್ಡ ಹತ್ತಿದ ಸುದ್ದಿ ಕೇಳಿದ ಮುನೀರಾ, ಹೆಗಲಿಗೆ ಚೀಲ ಹಾಕಿಕೊಂಡು ಅಂಗಳಕ್ಕೆ ಬಂದಳು.

ಮಗುವನ್ನು ನೋಡಿದವಳೇ ಅವಳು ತೊಡೆಯ ಚರ್ಮ ಹಿಡಿದು ನೋಡಿದಳು. ಚೀಲದಿಂದ ಬಟ್ಟೆಯ ಜೋಳಿಗೆ ತೆಗೆದು ಮಗುವನ್ನು ಅದರಲ್ಲಿಟ್ಟು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿದಳು. ಮುಳ್ಳು ಒಂದು ಕಿಲೋ ಆರುನೂರ ಐವತ್ತನ್ನು ಸ್ವಲ್ಪ ದಾಟಿ ನಿಂತಿತು.

“ನಾ ಹೇಳಿದೆನಲ್ಲ, ಮೀನಿನ ಕೊಕ್ಕೆ” ಎಂದರು ಕುಕ್ಕಪ್ಪಣ್ಣ. “ಮುಕ್ಕಾಲು ಕಿಲೋ ನುಂಗಿತು ನೋಡು!”

ಮುನೀರಾ ಭವಿತಾಳ ಕಡೆ ತಿರುಗಿದಳು. “ಭವಿತಾ, ಮನೆಯಲ್ಲಿ ಒಡೆಯದ ಸಕ್ಕರೆ ಪ್ಯಾಕೆಟ್ ಉಂಟಾ?” ಎಂದಳು.

ಭವಿತಾ ತಂದಳು. ಕೊಕ್ಕೆಗೆ ಸಿಕ್ಕಿಸಿದಾಗ ಮುಳ್ಳು ಒಂದು ಕಿಲೋದಲ್ಲಿ ನಿಂತಿತು. ಭವಿತಾ ಪ್ಯಾಕೆಟನ್ನು ತೆಗೆದು ತಾನೇ ಸ್ಟೀಲಿನ ತಟ್ಟೆಯ ಮೇಲಿಟ್ಟಳು. ಕೆಂಪು ಅಂಕಿಗಳು ಒಮ್ಮೆ ಮಿನುಗಿ ನಿಂತವು. ಒಂದು ಕಿಲೋ ನಾನೂರ ಐವತ್ತು.

ಕುಕ್ಕಪ್ಪಣ್ಣ ಬಗ್ಗಿ ತಟ್ಟೆಯಡಿ ನೋಡಿದರು. ಪ್ಯಾಕೆಟನ್ನು ಎತ್ತಿ ಇನ್ನೊಮ್ಮೆ ಇಟ್ಟರು, ವ್ಯಾಪಾರಿಗಳ ಹತ್ತಿರ ಮಾಡುತ್ತಿದ್ದ ಹಾಗೆಯೇ. ಒಂದು ಕಿಲೋ ನಾನೂರ ಅರವತ್ತು.

ಜೀಪಿಗೆ ಬಾಡಿಗೆ ಎಷ್ಟೆಂದು ಆ ದಿನ ಯಾರೂ ಕೇಳಲಿಲ್ಲ.

ಪುತ್ತೂರಿನಲ್ಲಿ ಅದೇ ಡಾಕ್ಟರಮ್ಮ ಇದ್ದರು. ಮಗು ಪುನಃ ಗಾಜಿನ ಪೆಟ್ಟಿಗೆಯೊಳಗೆ ಹೋಯಿತು. ಮೂಗಿಗೊಂದು ನಳಿಗೆ, ಕೈಗೊಂದು ಸೂಜಿ. “ಹುಡಿ ಎಷ್ಟು ಹಾಕ್ತಿದ್ರಿ?” ಎಂದು ಅವರು ಕೇಳಿದಾಗ ಕುಮುದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕುಕ್ಕಪ್ಪಣ್ಣ “ಅರ್ಧ” ಎಂದರು. ಡಾಕ್ಟರಮ್ಮ ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಅದನ್ನು ಸುಮ್ಮನೆ ಬರೆದುಕೊಂಡರು. ಶ್ವಾಸಕೋಶಕ್ಕೆ ಕಫ ಇಳಿದಿದೆ, ತಡೆದುಕೊಳ್ಳಲು ಮೈಯಲ್ಲಿ ಏನೂ ಉಳಿದಿಲ್ಲ ಎಂದು ಹರಿಪ್ರಸಾದನನ್ನು ಬದಿಗೆ ಕರೆದು ಹೇಳಿದರು.

ಮೂರನೇ ದಿನ ಮಧ್ಯಾಹ್ನ, ಹೊರಗಿನ ಬೆಂಚಿನಲ್ಲಿ ಭವಿತಾ ಮಾವನ ಪಕ್ಕದಲ್ಲಿ ಬಂದು ಕೂತಳು. ಬಂದು ಕೂತದ್ದೇ ಅವರಿಗೆ ಹೆದರಿಕೆಯಾಯಿತು.

“ಮಾವ, ತಕ್ಕಡಿ ಕೊಡುವಾಗ ಮೂಸಕುಂಞಿಯವರು ಎಂತಾದ್ರೂ ಹೇಳಿದ್ರಾ?”

ಇಲ್ಲ ಎನ್ನಬಹುದಿತ್ತು. ಗುಜರಿಯವ ಮೋಸ ಮಾಡಿದ ಎಂದರೆ ಊರು ನಂಬುತ್ತಿತ್ತು, ಹರಿಪ್ರಸಾದನೂ ನಂಬುತ್ತಿದ್ದ. ದೋಷವನ್ನು ಇನ್ನೊಬ್ಬನ ಮೇಲೆ ಹಾಕುವುದರಲ್ಲಿ ಕುಕ್ಕಪ್ಪಣ್ಣನಷ್ಟು ಕೈ ಪಳಗಿದವರು ಯಾರಿದ್ದರು?

“ಹೇಳಿದ್ದ” ಎಂದರು.

“ಎಂತ ಹೇಳಿದ್ದು?”

“ಚಾರ್ಜ್ ಇಳಿದ ಹಾಗೆ ಜಾಸ್ತಿ ತೋರಿಸ್ತದೆ ಅಂತ. ಬೇಡ ಅಂತಲೂ ಹೇಳಿದ್ದ. ಬೇಕಾದ್ರೆ ಚಾರ್ಜರ್ ತರಿಸಿ ಕೊಡ್ತೇನೆ ಅಂದಿದ್ದ.”



“ಚಾರ್ಜರಿಗೆ ಎಷ್ಟಂತೆ?”

“ನೂರೈವತ್ತು.”

ಅವಳು ಎದ್ದಳು. ಸೀದಾ ನರ್ಸಿನ ಮೇಜಿನ ಹತ್ತಿರ ಹೋದಳು. ಅಲ್ಲಿ ಮಗುವಿನ ಚೀಟಿಯಲ್ಲಿ ‘ಭವಿತಾರ ಮಗು’ ಎಂದಷ್ಟೇ ಇತ್ತು. “ಅವಳಿಗೆ ಹೆಸರುಂಟು. ಯಶಸ್ವಿ ಅಂತ ಬರೆಯಿರಿ” ಎಂದಳು. ನರ್ಸ್ ಬರೆದಳು. ಎರಡೂವರೆ ಕಿಲೋ ಆಗಿರಲಿಲ್ಲ, ನಾಲ್ಕು ಜನ ಸೇರಿರಲಿಲ್ಲ. ಕುಕ್ಕಪ್ಪಣ್ಣ ಬೆಂಚಿನಿಂದಲೇ ಕೇಳಿಸಿಕೊಂಡರು.

ಯಶಸ್ವಿ ಆರನೇ ದಿನ ಬೆಳಗಾಗುವಾಗ ಹೋದಳು.

ಹರಿಪ್ರಸಾದ ಕಾಗದಗಳಿಗೆ ಸಹಿ ಹಾಕುತ್ತಿದ್ದ. ಕಡಬದಿಂದ ಬಂದಿದ್ದ ಭವಿತಾಳ ಅಣ್ಣ, ತಂಗಿಯನ್ನು ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಮಗುವನ್ನು ಸುತ್ತಲು ಒಂದು ಬಿಳಿ ಬಟ್ಟೆ ಬೇಕು ಎಂದು ಒಬ್ಬಳು ಆಯಾ ಹೇಳಿದಾಗ, ಕುಕ್ಕಪ್ಪಣ್ಣ “ನಾನು ತರ್ತೇನೆ” ಎಂದು ಹೊರಗೆ ನಡೆದರು.

ಹತ್ತಿರವಿದ್ದದ್ದು ಜಾಸಿರನ ಅಂಗಡಿ. ಅವನು ಆಗಷ್ಟೇ ಶಟರ್ ಎತ್ತುತ್ತಿದ್ದ.

“ಅಲ್ಲಾ, ಕುಕ್ಕಪ್ಪಣ್ಣ! ಫೋನ್ ಸಹ ಮಾಡದೆ ಬಂದ್ರಲ್ಲ ಮಾರಾಯ್ರೆ! ನನ್ನ ಇವತ್ತಿನ ಬೋಣಿ ಹೋಯ್ತು!”

“ಬಿಳಿ ಬಟ್ಟೆ ಬೇಕು. ಮೆತ್ತಗಿನದ್ದು. ಒಂದೂವರೆ ಮೀಟರ್.”

“ಪುಳ್ಳಿಗಾ? ಮಲ್ ಬಟ್ಟೆ ಉಂಟು, ಬೆಣ್ಣೆಯ ಹಾಗೆ. ಮುಟ್ಟಿ ನೋಡಿ.” ಜಾಸಿರ್ ಬಟ್ಟೆ ಹರಡಿ, ಕ್ರಯ ಹೇಳಿ, ಎರಡು ಕೈಯನ್ನೂ ಮೇಜಿನ ಮೇಲೂರಿ ಕಾದು ನಿಂತ. ಇನ್ನು ನೂಲು ದಪ್ಪ ಎಂಬುದು ಬರಬೇಕು, ಅಂಚು ಸವೆದಿದೆ ಎಂಬುದು ಬರಬೇಕು. ಏನೂ ಬರಲಿಲ್ಲ. ಮುದುಕರು ಅಂಗಿಯ ಜೇಬಿನಿಂದ ದುಡ್ಡು ತೆಗೆದು ಮೇಜಿನ ಮೇಲಿಟ್ಟರು.

ಜಾಸಿರನಿಗೆ ಕಸಿವಿಸಿಯಾಯಿತು. “ಎಂತ ಇವತ್ತು? ಹುಷಾರಿಲ್ವಾ?” ಎಂದು ನಗಲು ನೋಡಿದ. “ನೀವು ಹೇಳದಿದ್ರೆ ನಾನೇ ಹೇಳ್ತೇನೆ. ಇದರ ಮೂಲೆಯಲ್ಲಿ ಒಂದು ಸಣ್ಣ ಕಲೆ ಉಂಟು. ಮೂವತ್ತು ರೂಪಾಯಿ ಕಡಿಮೆ ಕೊಡಿ, ಸಾಕು.”

“ಎಲ್ಲಿ?” ಎಂದರು ಕುಕ್ಕಪ್ಪಣ್ಣ.

ಜಾಸಿರ್ ತೋರಿಸಿದ. ಕುಕ್ಕಪ್ಪಣ್ಣ ಕನ್ನಡಕ ಏರಿಸಿ ಬಗ್ಗಿದರು. ನಿಜವಾಗಿಯೂ ಇತ್ತು. ಸಾಸಿವೆ ಕಾಳಿನಷ್ಟು, ತುಕ್ಕಿನ ಬಣ್ಣದ್ದು.

“ಬೇರೆ ಕೊಡು” ಎಂದರು. “ಕಲೆ ಇಲ್ಲದ್ದು.”

ಜಾಸಿರ್ ಮೇಲಿನ ಹಲಗೆಯಿಂದ ಹೊಸ ಥಾನು ಇಳಿಸಿ, ಅಳೆದು, ಕತ್ತರಿಸಿ ಕೊಟ್ಟ. ಕುಕ್ಕಪ್ಪಣ್ಣ ಅದನ್ನು ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ, ಬಿಸಿಲು ಬೀಳುವಲ್ಲಿಗೆ ಹೋದರು. ಒಂದೊಂದೇ ಮೂಲೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ನಾಲ್ಕು ಮೂಲೆ ಮುಗಿದ ಮೇಲೆ ಮೊದಲನೆಯದನ್ನು ಇನ್ನೊಮ್ಮೆ ನೋಡಿದರು.